ಬಟ್ಟಲು ನೋಡಿ ಮನುಷ್ಯನನ್ನು ಅಳೆದವನು

ಚೀನಾದ ಶಿಆನ್ ನಗರದಲ್ಲಿ ನಗಾರಿ ಗೋಪುರದ ಹಿಂದಿನ ಗಲ್ಲಿಯ ಲಾನ್ ಯೊಂಗ್‌ಶೌಗೆ ಮುಖ ನೋಡಿದರೆ ಯಾರ ಗುರುತೂ ಹತ್ತುತ್ತಿರಲಿಲ್ಲ, ಬಟ್ಟಲು ನೋಡಿದರೆ ಹತ್ತುತ್ತಿತ್ತು. ತನ್ನ ಸಾರಿನಂಗಡಿಯಲ್ಲಿ ಅವನು ನಿಲ್ಲುತ್ತಿದ್ದುದು ಒಲೆಯ ಮುಂದೆ. ಅವನಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಇದ್ದದ್ದು ಒಂದೇ ಕಿಂಡಿ. ಗಿರಾಕಿ ಗಟ್ಟಿ ರೊಟ್ಟಿಯನ್ನು ತಾನೇ ಚಿವುಟಿ ಬಟ್ಟಲು ತುಂಬಿಸಬೇಕು. ಹೆಂಡತಿ ಶುಚಿನ್ ಅದನ್ನು ಕಿಂಡಿಯೊಳಗೆ ತಳ್ಳಬೇಕು. ಇವನು ಆ ಚೂರುಗಳನ್ನು ಕುರಿ ಸಾರಿನಲ್ಲಿ ಕುದಿಸಿ, ಮೇಲೆ ಮಾಂಸ ಹೊದಿಸಿ ಕೊಡಬೇಕು. ಚೂರು ಜೇನ್ನೊಣದ ತಲೆಯಷ್ಟಿದ್ದರೆ ಮನೆತನಸ್ಥ. ಒಂದು ಸಣ್ಣದು ಒಂದು ದಪ್ಪ ಇದ್ದರೆ ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದವನು. ಇನ್ನು ಹೆಬ್ಬೆರಳಿನಷ್ಟು ದಪ್ಪ ಇತ್ತೋ, ಮುಗಿಯಿತು, ಬಟ್ಟಲು ಬಂದ ದಾರಿಯಲ್ಲೇ ವಾಪಸು. ದೊಡ್ಡ ಅಧಿಕಾರಿಯೊಬ್ಬನ ಬಟ್ಟಲನ್ನೂ ಹೀಗೇ ಹಿಂದಕ್ಕೆ ಕಳಿಸಿದ್ದ. ಪುಣ್ಯಾತ್ಮ ತೆಪ್ಪಗೆ ಮತ್ತೆ ಚಿವುಟಿ ಕೊಟ್ಟು, ಉಂಡು, ಬೆವರೊರೆಸಿಕೊಂಡು, ಮಾರನೆಯ ದಿನ ಅಣ್ಣತಮ್ಮಂದಿರನ್ನೂ ಕರೆದುಕೊಂಡು ಬಂದ. ಸಾರು ಅಂಥದ್ದು.

ಈ ಹುಚ್ಚು ಅಂಗಡಿಯ ಮಟ್ಟಿಗಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದು ಮಗಳ ಮದುವೆಗೇ ಅಡ್ಡ ಬಂತು. ರುಯ್‌ಫಾಂಗ್ ಮೆಚ್ಚಿದ ಹುಡುಗ ಮು ಲಿಯಾಂಗ್ ನಗರದ ಬಸ್ಸು ಓಡಿಸುವವನು. ನಿಂಗ್‌ಶಿಯಾದ ಬೆಟ್ಟದ ಊರಿನವನು. ತಮ್ಮ ಹಾಗೇ ಮುಸಲ್ಮಾನರ ಮನೆಯವನೇ, ಕೆಟ್ಟ ಚಟ ಒಂದೂ ಇಲ್ಲ, ಹುಡುಕಿದರೂ ಕುಂದು ಸಿಗದು. ಆದರೆ ಮೊದಲ ಸಲ ಅಂಗಡಿಗೆ ಬಂದಾಗ ಪಾಪ ಬೆಪ್ಪು, ರೊಟ್ಟಿಯನ್ನು ನಾಲ್ಕೇ ತುಂಡು ಮಾಡಿ ಬಟ್ಟಲಿಗೆ ಹಾಕಿಬಿಟ್ಟ. ಅವತ್ತಿನಿಂದ ಯೊಂಗ್‌ಶೌ ಅವನ ಹೆಸರೆತ್ತಿದರೆ ಸಾಕು ಸೌಟು ಕುಕ್ಕುತ್ತಿದ್ದ. ರೊಟ್ಟಿಗೇ ತಾಳ್ಮೆ ಇಲ್ಲದವನು ಸಂಸಾರಕ್ಕೆ ಎಲ್ಲಿಂದ ತಂದಾನು ಎಂಬುದು ಅವನ ವಾದ. ತಾಯಿಮಗಳು ಒಂದು ವರ್ಷ ಅತ್ತು, ಮುನಿದು, ಮಾತು ಬಿಟ್ಟು ಕಡೆಗೆ ಅವನನ್ನು ಒಂದು ಮಾತಿಗೆ ಒಪ್ಪಿಸಿದ್ದರು: ಹುಡುಗನ ಅಪ್ಪ ಬಂದು ಹೆಣ್ಣು ಕೇಳಲಿ, ಆಮೇಲೆ ನೋಡೋಣ. ಅವರು ಬರುವುದು ಶುಕ್ರವಾರ ಎಂದು ಗೊತ್ತಾಗಿತ್ತು.

"ಅಪ್ಪ, ಈ ಸಲ ನೀನು ಬೇಡ ಅಂದ್ರೆ ನಾನು ಇನ್ಯಾರನ್ನೂ ಕಟ್ಕೊಳ್ಳಲ್ಲ" ಎಂದಿದ್ದಳು ರುಯ್‌ಫಾಂಗ್. ಸಿಟ್ಟಿನಲ್ಲಿ ಹೇಳಿದ್ದರೆ ಅವನೂ ರೇಗುತ್ತಿದ್ದ. ಅವಳು ಸಮಾಧಾನವಾಗಿ ಹೇಳಿದ್ದರಿಂದ ಅವನಿಗೆ ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆಯಿಂದಲೇ ಹಿಮ ಬೀಳುತ್ತಿತ್ತು. ಹೊರಗೆ ಮೂಗು ಉದುರುವ ಚಳಿ. ಒಳಗೆ ಸಾರಿನ ಹಬೆ, ಬೆಳ್ಳುಳ್ಳಿ ಉಪ್ಪಿನಕಾಯಿಯ ಘಾಟು, ಕಾಲಿಡಲು ಜಾಗವಿಲ್ಲದಷ್ಟು ಜನ. ರುಯ್‌ಫಾಂಗ್ ನಾಳೆಯ ಅಡುಗೆಗೆಂದು ಸಂತೆಗೆ ಹೋಗಿದ್ದಳು. ಆ ಗಲಾಟೆಯಲ್ಲಿ ಕಿವಿ ಮುಚ್ಚುವ ಟೋಪಿ ಹಾಕಿಕೊಂಡ, ಕುರಿ ಚರ್ಮದ ಹಳೆಯ ಕೋಟಿನ ಮುದುಕನೊಬ್ಬ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತ. ಶುಚಿನ್ ಬಟ್ಟಲು, ಎರಡು ರೊಟ್ಟಿ ಇಟ್ಟು ಹೋದಳು.

ಸ್ವಲ್ಪ ಹೊತ್ತಿಗೆ ಆ ಬಟ್ಟಲು ಕಿಂಡಿಗೆ ಬಂತು. ಯೊಂಗ್‌ಶೌ ಒಮ್ಮೆ ನೋಡಿ, "ಇದನ್ನ ಮನೇಲಿ ಕುರಿಗೆ ಹಾಕು ಅನ್ನು" ಎಂದು ಹಿಂದಕ್ಕೆ ತಳ್ಳಿದ. ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಮುದುಕನೂ ನಕ್ಕನಂತೆ, ಇವರು ಹೇಳುವುದು ಸರಿಯೇ, ಮತ್ತೆ ಮಾಡುತ್ತೇನೆ ಎಂದನಂತೆ. ಎರಡನೆಯ ಸಲ ಬಂದಾಗ ಚೂರುಗಳು ಕಡಲೆಕಾಳಿಗಿಂತ ಒಂದಿಷ್ಟು ದಪ್ಪ. ಬೇರೆ ದಿನವಾಗಿದ್ದರೆ ಯೊಂಗ್‌ಶೌ ಕಣ್ಣು ಮುಚ್ಚಿಕೊಂಡು ಕುದಿಸಿಬಿಡುತ್ತಿದ್ದನೋ ಏನೋ. ಅವತ್ತು ನಾಳೆಯ ಚಿಂತೆಗೆ ಮೈಯೆಲ್ಲ ಉರಿಯುತ್ತಿತ್ತು. ಮತ್ತೆ ತಳ್ಳಿದ.

ಮೂರನೆಯ ಸಲ ಬಟ್ಟಲು ಬರಲೇ ಇಲ್ಲ. ಬೇರೆಯವರದೆಲ್ಲ ಬಂತು, ಹೋಯಿತು. ಎದ್ದು ಹೋದನೇ ಎಂದು ಕೇಳಿದ್ದಕ್ಕೆ ಶುಚಿನ್ ಮುಖ ಗಂಟಿಕ್ಕಿದಳು. "ನೀನೇ ಬಂದು ನೋಡು. ನನ್ ಕೈಲಿ ನೋಡಕ್ಕಾಗಲ್ಲ."

ಉಪವಾಸದ ತಿಂಗಳಲ್ಲಿ ಬಿಟ್ಟರೆ ಒಲೆ ಬಿಟ್ಟು ಕದಲದವನು ಏಪ್ರನ್ನಿಗೆ ಕೈ ಒರೆಸುತ್ತ ಹೊರಗೆ ಬಂದ. ಮುದುಕ ಬಟ್ಟಲಿನ ಮೇಲೆ ಬಗ್ಗಿ ಚಿವುಟುತ್ತಲೇ ಇದ್ದ. ಬೆರಳ ತುದಿಗಳೆಲ್ಲ ಚಳಿಗೆ ಒಡೆದು ಬಿರುಕು ಬಿಟ್ಟಿದ್ದವು. ಎರಡಕ್ಕೆ ಬಟ್ಟೆ ಸುತ್ತಿಕೊಂಡು, ಉಳಿದವುಗಳಲ್ಲಿ ಒಂದೊಂದೇ ಚೂರು ಮುರಿದು, ದಪ್ಪ ಕಂಡದ್ದನ್ನು ಬಟ್ಟಲಿನಿಂದ ಹೆಕ್ಕಿ ತೆಗೆದು, ಮತ್ತೆ ಎರಡು ಮಾಡುತ್ತಿದ್ದ.

ಯೊಂಗ್‌ಶೌ ಮೇಜಿನ ಹತ್ತಿರ ಬಗ್ಗಿದ. ಕೈಗೆ ಏನಾಯಿತು ಎಂದು ಕೇಳಿದ. ಮುದುಕ ತಾನೇ ತಪ್ಪು ಮಾಡಿದವನಂತೆ ಕೈಗಳನ್ನು ಕೋಟಿನೊಳಗೆ ಸೇರಿಸಿಕೊಂಡ. ಬಸ್ಸು ಲಿಯುಪಾನ್ ಬೆಟ್ಟದ ಮೇಲೆ ಹಿಮದಲ್ಲಿ ಹೂತುಹೋಗಿತ್ತಂತೆ. ಎಲ್ಲರೂ ಇಳಿದು ಹಿಮ ತೋಡಿದರಂತೆ. ಇವನಲ್ಲಿದ್ದ ಕೈಗವಸನ್ನು ಮಗು ಎತ್ತಿಕೊಂಡ ಹೆಂಗಸಿಗೆ ಕೊಟ್ಟುಬಿಟ್ಟಿದ್ದನಂತೆ. ಇಷ್ಟನ್ನೂ ಸಂತೆಗೆ ಹೋಗಿಬಂದವನ ಹಾಗೆ ಹೇಳಿದ.

"ಇಂಥ ಕೈ ಇಟ್ಕೊಂಡು ಯಾಕ್ರೀ ಈ ಹಟ? ಹೇಳಿದ್ರೆ ಆಗ್ತಿರಲಿಲ್ವಾ?"

ಮುದುಕ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ನಿಮ್ ಹತ್ರ ಹೇಳೋಕೇನು. ನಾಳೆ ಇದೇ ಅಂಗಡೀಲಿ ನನ್ ಮಗನಿಗೆ ಹೆಣ್ಣು ಕೇಳ್ಬೇಕು. ಹುಡುಗಿ ಅಪ್ಪ ರೊಟ್ಟಿ ಚಿವುಟೋದ್ರಲ್ಲಿ ಬಲು ಕಟ್ಟುನಿಟ್ಟಂತೆ. ನಮ್ ಕಡೆ ನಾವು ಹೆಂಗಂದ್ರೆ ಹಂಗೆ ಮುರ್ಕೊಂಡು ತಿನ್ನೋರು. ನಾಳೆ ನನ್ನಿಂದ ಮಗನ ಮರ್ಯಾದೆ ಹೋಗಬಾರದು ನೋಡಿ. ಅದಕ್ಕೇ ಒಂದು ದಿನ ಮುಂಚೆ ಬಂದೆ, ಕಲ್ಕೊಂಡು ಹೋಗೋಣ ಅಂತ. ನೀವು ಅಡುಗೆಯವರು, ಅವರಿಗೆ ಹೇಳ್ಬಿಟ್ಟೀರಾ ಮತ್ತೆ."

ಯೊಂಗ್‌ಶೌಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು. ಅಷ್ಟು ವರ್ಷ ಬಟ್ಟಲು ನೋಡಿ ಊರನ್ನೇ ಅಳೆದವನಿಗೆ ಎದುರಿಗಿದ್ದ ಈ ಬಟ್ಟಲು ಮಾತ್ರ ಅರ್ಥವಾಗಿರಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಮುದುಕನ ಎದುರು ಕುಳಿತ, ಮುದುಕನ ಕೈಯಿಂದ ರೊಟ್ಟಿ ತೆಗೆದುಕೊಂಡು ಚಿವುಟಲು ಶುರು ಮಾಡಿದ. ಆ ಗಲ್ಲಿಯಲ್ಲಿ ಇನ್ನೊಬ್ಬರ ರೊಟ್ಟಿ ಚಿವುಟುವುದು ಹಲ್ಲು ಬಿದ್ದ ಅಪ್ಪನಿಗೆ, ಹಲ್ಲು ಬಾರದ ಮಗುವಿಗೆ ಮಾತ್ರ. ಗಿರಾಕಿಗೆ ಯಾರೂ ಚಿವುಟಿ ಕೊಟ್ಟದ್ದಿಲ್ಲ. ಮುದುಕ ಬೇಡ ಬೇಡ ಎನ್ನುತ್ತಿದ್ದ. ಒಳಗೆ ಒಲೆಯ ಮುಂದೆ ಶುಚಿನ್ ಒಂದೇ ಕೈಯಲ್ಲಿ ಸೌಟು ಆಡಿಸುತ್ತ ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ರುಯ್‌ಫಾಂಗ್ ತಲೆಯ ಮೇಲಿನ ಹಿಮ ಕೊಡವುತ್ತ, ಈರುಳ್ಳಿ ಕಟ್ಟು ಹೊತ್ತು ಒಳಗೆ ಬಂದಳು. ಅಪ್ಪ ಹೊರಗೆ ಕುಳಿತದ್ದು ನೋಡಿ ಯಾರಿಗೋ ಹುಷಾರಿಲ್ಲವೆಂದುಕೊಂಡಳು. ಒಲೆಯ ಹತ್ತಿರ ಯಾರಿದ್ದಾರೆ ಎಂದು ಕೇಳಿದಳು.

"ನಿಮ್ಮಮ್ಮ ಇದಾಳೆ" ಎಂದ ಯೊಂಗ್‌ಶೌ, ತಲೆ ಎತ್ತದೆ. "ನೀನು ಹೋಗಿ ನಿನ್ ಮಾವನಿಗೆ ಬಿಸಿ ನೀರು ತಗೊಂಡ್ ಬಾ, ಕೈ ಅದ್ದಿಕೊಳ್ಲಿ."