ಕಲ್ಲವ್ವ ನೆಟ್ಟ ಕಡ್ಡಿಗಳು

ನೆಲಕ್ಕೆ ಕಿವಿ ಹಚ್ಚದೆ ಕಲ್ಲವ್ವ ಎಲ್ಲೂ ಗುದ್ದಲಿ ಹಾಕುತ್ತಿರಲಿಲ್ಲ. ಸೆರಗು ಕಚ್ಚಿ ಹಿಡಿದು, ಮಣ್ಣಿಗೆ ಕೆನ್ನೆಯೊತ್ತಿ, ಕಣ್ಣು ತೆರೆದೇ ಮಲಗುವಳು. ರೆಪ್ಪೆ ಮಿಟುಕುತ್ತಿರಲಿಲ್ಲ ಎಂದು ನೆನಪು; ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಎಂಬತ್ತರ ದಶಕದ ಕೊನೆ. ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಹಿಂದಿನ ಅಂಗಳವನ್ನು ಸಮ ಮಾಡಿ ಸಿಮೆಂಟು ಹಾಕಲು ಬಿಜಾಪುರ ಕಡೆಯ ಕೂಲಿಯವರು ಬಂದಿದ್ದರು. ಅವರಲ್ಲಿ ಇವಳೊಬ್ಬಳು, ಐವತ್ತರ ಹತ್ತಿರ, ಒಣಕಲು ಮೈ, ಹರಿತ ನಾಲಿಗೆ. ಗೋಡೆಯ ಬುಡದ ನೆಲದಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳಿದ್ದವು.

“ಒಳಗ ಯಾರೋ ಜಪಾ ಮಾಡಾಕತ್ತಾರ ಮಾಸ್ತರ್ರ” ಎಂದಳು.

ಪ್ರಾಣಿಶಾಸ್ತ್ರ ಕಲಿಸುವವನು ನಾನು. ನೀಲಿ ಪಟ್ಟೆಯ ಜೇನುನೊಣ, ಎಂದು ವಿವರಿಸಿದೆ. ಇದಕ್ಕೆ ಜೇನುಹುಟ್ಟಿಲ್ಲ, ರಾಣಿಯಿಲ್ಲ. ಒಂದೊಂದು ಹೆಣ್ಣೂ ತನ್ನದೇ ಬಿಲ ತೋಡಿ, ಪರಾಗ ಮಕರಂದ ಕಲಸಿಟ್ಟು, ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಮರಿ ಹೊರಬರುವ ಹೊತ್ತಿಗೆ ತಾಯಿ ಸತ್ತಿರುತ್ತದೆ.

“ಅಂದ್ರ ಒಳಗ ಕೂಸು ಅದಾವು. ಮ್ಯಾಲ ಸಿಮೆಂಟ್ ಬಿದ್ರ ಹ್ಯಾಂಗ ಬರ್ತಾವ?”

ನಾನು ಬಗ್ಗಿ ತೂತುಗಳನ್ನು ಎಣಿಸತೊಡಗಿದೆ.

“ಇಷ್ಟ ಓದಿ ಏನ್ ಮಾಡಿದ್ರಿ?” ಎಂದು ನಕ್ಕಳು.

ಮರುದಿನ ಬಿದಿರು ಸೀಳಿ ಪ್ರತಿ ತೂತಿನ ಬಾಯಿಗೂ ಒಂದು ಕಡ್ಡಿ ನೆಟ್ಟಳು. ಸುತ್ತ ಸಿಮೆಂಟು ಸುರಿದರು. ಸಂಜೆ, ಅದು ಬಿಗಿಯುವ ಮುನ್ನ, ತಿರುವಿ ತಿರುವಿ ಕಡ್ಡಿಗಳನ್ನು ಕಿತ್ತಳು. ಗೋಡೆಯುದ್ದಕ್ಕೂ ನೆಲದಲ್ಲಿ ಕಪ್ಪು ಕಣ್ಣುಗಳು ಉಳಿದವು.

ಅವಳ ತಂಡ ಮುಂದಿನ ಕೆಲಸಕ್ಕೆಂದು ವಾಶಿಗೆ ಹೊರಟ ದಿನ ನನ್ನ ಬಾಗಿಲಿಗೆ ಬಂದಳು. “ಮುಚ್ಚಾಕ ಬಿಡಬ್ಯಾಡ್ರಿ ಮಾಸ್ತರ್ರ. ನಾ ಇರೂದಿಲ್ಲ, ನೀವ್ ಇರ್ತೀರಿ.”

ಹ್ಞೂಂ ಎಂದೆ.

ಎರಡೇ ದಿನಕ್ಕೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಕಾಮತರು ಬೇರೆ ಗಾರೆಯವನನ್ನು ಕರೆಸಿದರು. “ತೂತಲ್ಲಿ ನೀರು ನಿಂತು ಸೊಳ್ಳೆ ಆಗ್ತದೆ ಮಾರಾಯ್ರೆ. ನಿಮಗೆ ನಾನು ಹೇಳಿಕೊಡಬೇಕಾ?”

ನಾನು ಹಲ್ಲುಕಿರಿದೆ. ನೆಲ ನುಣ್ಣಗಾಯಿತು.

ಕೆಲವು ವಾರಗಳ ಮೇಲೆ, ಹಾಡಹಗಲಲ್ಲಿ, ಅಂಗಳದ ಅಡಿಯಿಂದ ಗುಂಯ್ಗುಡುವ ಸದ್ದು. ನೀರಿನ ಪಂಪಿರಬೇಕೆಂದು ಹೋಗಿ ನೋಡಿದೆ, ಪಂಪು ನಿಂತಿತ್ತು. ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತೆ. ಅಂಗಾಲಿಗೆ ನಡುಕ ಹತ್ತಿತು. ಪಕ್ಕಕ್ಕೆ ಸರಿದೆ, ಅದೂ ಸರಿಯಿತು.

ಓಡಿಹೋಗಿ ಸುತ್ತಿಗೆ, ಮೊಳೆ ತಂದೆ. ಒಡೆದದ್ದು ಸ್ಪಷ್ಟವಾಗಿ ನೆನಪಿದೆ. ಬಿರುಕಿನಿಂದ ಒಂದು ನೊಣ ತೆವಳಿ ಬಂದು, ರೆಕ್ಕೆ ಒಣಗಿಸಿಕೊಂಡು ಹಾರಿತು.

ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳಂತೆ. “ಎಲ್ಲಿ ಒಡೆದ್ರಿ? ಸುತ್ತಿಗೆ ಹಿಡ್ಕೊಂಡು ಸುಮ್ನೆ ನಿಂತಿದ್ರಿ. ಆಮೇಲೆ ಒಳಗೆ ಬಂದು ಕಾಫಿ ಕೇಳಿದ್ರಿ” ಎನ್ನುತ್ತಾಳೆ.

ಕಲ್ಲವ್ವನನ್ನು ಹುಡುಕಿ ವಾಶಿಗೆ ಎರಡು ಸಲ ಹೋದೆ. ಯಾವ ಸೈಟಿನಲ್ಲೂ ಅವಳಿರಲಿಲ್ಲ. ಸಿಕ್ಕಿದ್ದರೆ ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದೆನೋ, ಇಂದಿಗೂ ತಿಳಿಯದು.