ಜೋಗೇಶ್ವರಿಯ ಬಿರುಕಿಗೆ ಕಾವಲು ಕೂತ ವನಮಾಲಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬೈಯ ಜೋಗೇಶ್ವರಿಯಲ್ಲಿ, ಒಂದೊಂದೇ ಕೋಣೆಯ ಮನೆಗಳು ಸಾಲಾಗಿರುವ ಹಳೆಯ ಚಾಳೊಂದರ ಗ್ಯಾಲರಿಯಲ್ಲಿ ವನಮಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ಹಿಡಿಕೆಯಿರುವ ಭಾರದ ಕಂಪ್ಯೂಟರ್. ಅದರ ಬೆನ್ನಿನಿಂದ ಹೊರಟ ಕೇಬಲ್ ಗೋಡೆಯ ಮೇಲಿನ ತಗಡಿನ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯಿಂದ ಒಂದು ತಂತಿ, ಗೋಡೆಯ ಬಿರುಕಿಗೆ ಅಡ್ಡಲಾಗಿ ಕೂರಿಸಿದ ಉಕ್ಕಿನ ಕಡ್ಡಿಗೆ.

ಪಕ್ಕದ ಖಾಲಿ ಜಾಗದಲ್ಲಿ ದೊಡ್ಡ ಬಿಲ್ಡಿಂಗಿಗೆಂದು ಪಾಯ ತೋಡಿದ ಮೇಲೆ ಬಿದ್ದ ಬಿರುಕು ಇದು. ಗೋಡೆ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯಲು ಪೆಟ್ಟಿಗೆ ಗಂಟೆಗೊಮ್ಮೆ ಬಿರುಕನ್ನು ಅಳೆದು ನೆನಪಿಟ್ಟುಕೊಳ್ಳುತ್ತದೆ. ಸೋಮವಾರ ಸೋಮವಾರ ಬಂದು ಅದನ್ನು ಓದಿಕೊಂಡು ಹೋಗುವುದು ವನಮಾಲಾ ಅವರ ಕೆಲಸ. ಸರಿಯುತ್ತಿದೆ ಎಂದಾದರೆ ಈ ೧೯೯೨ರ ಮಳೆಗಾಲಕ್ಕೆ ಮೊದಲೇ ಚಾಳು ಖಾಲಿಯಾಗಬೇಕು. ಒಮ್ಮೆ ಖಾಲಿ ಮಾಡಿದವರು ಮತ್ತೆ ಅದೇ ಜಾಗಕ್ಕೆ ಬಂದು ಸಂಸಾರ ಹೂಡುವುದು ಮುಂಬೈಯಲ್ಲಿ ಆಗಿಹೋಗುವ ಮಾತಲ್ಲ.

ಪೆಟ್ಟಿಗೆಯದೋ ಮಹಾ ಬಿಗುಮಾನ. ಕೇಳಿದರಷ್ಟೇ ಬಾಯಿ ಬಿಡುತ್ತದೆ, ಅದೂ ಒಂದೊಂದೇ ಅಕ್ಷರ, ಸಾಲುಗಟ್ಟಿ. ಪೆಟ್ಟಿಗೆ, ಕಂಪ್ಯೂಟರ್ ಎರಡರಲ್ಲೂ ಅಕ್ಷರ ಸಾಗುವ ವೇಗ ಒಂದೇ ಇಟ್ಟಿರಬೇಕು. ಇಲ್ಲವಾದರೆ ಪರದೆಯ ತುಂಬ ಅರ್ಥವಿಲ್ಲದ ಗೀಚು. "ಮೊದಮೊದಲು ಆ ಗೀಚು ನೋಡಿ ಅಳು ಬಂದ್ಬಿಡ್ತಿತ್ತು," ಎಂದು ನಗುತ್ತಾರೆ ವನಮಾಲಾ. "ಈಗ ಅಭ್ಯಾಸ ಆಗಿದೆ. ಪ್ರತಿ ಸಾಲಿನ ಕೊನೇಲಿ ಆ ಸಾಲಿನ ಮೊತ್ತಾನೂ ಅದೇ ಲೆಕ್ಕ ಹಾಕಿ ಕಳಿಸುತ್ತೆ. ಇಲ್ಲಿ ಕೂಡಿದ್ದಕ್ಕೆ ತಾಳೆ ಆಗ್ಲಿಲ್ಲ ಅಂದ್ರೆ, ಇನ್ನೊಂದ್ಸಲ ಹೇಳಪ್ಪ ಅಂತೀನಿ."

ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಮದುವೆಯಾಗಿ ಸಯನ್‌ಗೆ ಬಂದವರು ಇವರು. ವಿಲೆ ಪಾರ್ಲೆಯಲ್ಲಿ ರಮಾನಾಥ ಎಂಬ ಎಂಜಿನಿಯರರ ಪುಟ್ಟ ಆಫೀಸಿನಲ್ಲಿ ಕೆಲಸ. ದಾದರಿನಲ್ಲಿ ಲೋಕಲ್ ಬದಲಿಸುವಾಗ ಆ ಕಂಪ್ಯೂಟರಿನ ಭಾರ ಹೊತ್ತು ಸೇತುವೆ ಹತ್ತಿಳಿಯಬೇಕು. ಲೇಡೀಸ್ ಡಬ್ಬಿಯಲ್ಲಿ "ಸಿಲಾಯಿ ಮಷೀನ್ ಹೈ ಕ್ಯಾ?" ಎಂದು ಕೇಳದವರಿಲ್ಲ. ಹೌದು, ಹೊಲಿಗೆ ಯಂತ್ರವೇ ಎಂದು ತಲೆಯಾಡಿಸಿದರೆ ಕಾಲಿಡಲು ಸ್ವಲ್ಪ ಜಾಗ ಬಿಡುತ್ತಾರಂತೆ. ಹಾಗಾಗಿ ಇವರು ಒಮ್ಮೆಯೂ ಅಲ್ಲವೆಂದಿಲ್ಲ!

ಇವತ್ತು ಸೋಮವಾರವಲ್ಲ, ಶುಕ್ರವಾರ. ಬಂದದ್ದಕ್ಕೆ ಕಾರಣವಿದೆ. ಚಳಿಗಾಲದಲ್ಲಿ ತುಸು ಸರಿದು ಸುಮ್ಮನಾಗಿದ್ದ ಗೋಡೆ ಈಚೆಗೆ ವಿಚಿತ್ರವಾಗಿ ವರ್ತಿಸುತ್ತಿದೆ. ಶುಕ್ರವಾರ ಮುಂಜಾನೆ ಅಂಕಿ ಏರುತ್ತದೆ, ಮಧ್ಯಾಹ್ನದೊಳಗೆ ಇಳಿದುಬಿಡುತ್ತದೆ. ಗೋಡೆ ಸಡಿಲಾಗಿ ಆಡುತ್ತಿದೆ ಎಂಬುದು ರಮಾನಾಥರ ಅನುಮಾನ. "ಬೇರೆ ಕಾರಣ ಇದ್ರೆ ಕಣ್ಣಾರೆ ಕಂಡು ಬಂದು ಹೇಳಿ. ಇಲ್ಲಾಂದ್ರೆ ಖಾಲಿ ಮಾಡಿಸಿ ಅಂತ ಬರೀಲೇಬೇಕಾಗುತ್ತೆ. ನಾಳೆ ಗೋಡೆ ಬಿದ್ರೆ ಯಾರು ಹೊಣೆ?" ಎಂದಿದ್ದಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಹಿಂದಿನ ರಾತ್ರಿ ವನಮಾಲಾ ಅವರಿಗೆ ಊಟ ಸೇರಲಿಲ್ಲ.

ಕಾರಣ ಕಣ್ಣೆದುರೇ ಉರಿಯುತ್ತಿದೆ. ಉಕ್ಕಿನ ಕಡ್ಡಿಯ ಕೆಳಗೆ, ಗೋಡೆಯ ಗೂಡಿನಲ್ಲಿ ಒಂದು ಹಣತೆ. ಪೆಟ್ಟಿಗೆಯ ಹಣೆಗೆ ಅರಿಶಿನ ಕುಂಕುಮ. ಹಚ್ಚಿದವರು ಪಕ್ಕದ ಖೋಲಿಯ ಭಾಗವ್ವ. ವಿಜಾಪುರದ ಕಡೆಯಿಂದ ಬಂದು ಇಲ್ಲೇ ಗಾರೆ ಕೆಲಸ ಮಾಡಿಕೊಂಡು ಮಕ್ಕಳನ್ನು ಬೆಳೆಸಿದಾಕೆ.

"ಎಷ್ಟು ದಿನದಿಂದ ಹಚ್ತಿದೀರಮ್ಮ?"

"ನಾಕ ವಾರ ಆತ್ರಿ ಬಾಯಾರ. ನಮ್ಮ ಮನಿ ಉಳಿಯೂದು ಬಿಡೂದು ಈ ಪೆಟಿಗಿ ಕೈಯಾಗ ಐತಿ ಅಂತ ಎಲ್ಲಾರೂ ಅಂದ್ರು. ಹಂಗಾರ ಸುಮ್ನ ಹೆಂಗ ಇರೂದ್ರಿ? ಶುಕ್ರಾರಕ್ಕೊಂದು ದೀಪಾ ಹಚ್ಚೀನಿ, ಮರುದಿನಾ ಎಲ್ಲಾ ಒರಿಸಿ ತಗದ ಬಿಡ್ತೀನಿ."

ಕಾವಿಗೆ ಉಕ್ಕು ಹಿಗ್ಗಿದೆ. ಕೂದಲೆಳೆಯಷ್ಟೂ ಇಲ್ಲ, ಆದರೆ ಪೆಟ್ಟಿಗೆಗೆ ಅದೇ ಬಹಳ. ಇಷ್ಟು ಹೇಳಿದರೆ ಊಹೆ, ತೋರಿಸಿದರೆ ಪುರಾವೆ. ಆ ದೀಪವನ್ನು ಆರಿಸಿ ನೋಡೋಣವೇ ಎಂದರೆ ಭಾಗವ್ವ ಹೌಹಾರಿದರು. "ಶುಕ್ರಾರ ಹಚ್ಚಿದ ದೀಪಾ ಆರಸಂಗಿಲ್ರಿ! ಬೇಕಾರ ಎತ್ಕೊಂಡು ನಿಂದ್ರತೀನಿ."

ಹಾಗೇ ಆಯಿತು. ಭಾಗವ್ವ ಹಣತೆಯನ್ನು ತಾಟಿನಲ್ಲಿಟ್ಟುಕೊಂಡು ಗ್ಯಾಲರಿಯ ಆ ತುದಿಗೆ ಹೋಗಿ ನಿಂತರು. ಹಲ್ಲುಜ್ಜುತ್ತಿದ್ದವರು, ನೀರು ತುಂಬಿಸುತ್ತಿದ್ದವರು ಎಲ್ಲ ಬಂದು ಸೇರಿದರು. ವನಮಾಲಾ ಗಂಟೆಯ ಅಳತೆಗೆ ಕಾಯದೆ ಪೆಟ್ಟಿಗೆಯನ್ನು ಮತ್ತೆ ಮತ್ತೆ ಕೇಳುತ್ತ ಹೋದಂತೆ ಅಂಕಿ ಮೆಲ್ಲಗೆ ಇಳಿಯಿತು. ವನಮಾಲಾ ಕರೆದರು, ದೀಪ ಗೂಡಿಗೆ ಬಂತು, ಅಂಕಿ ಏರಿತು. ಮತ್ತೆ ಒಯ್ದರು, ಮತ್ತೆ ಇಳಿಯಿತು. ಗಾಳಿಗೆ ಅಂಗೈ ಅಡ್ಡ ಹಿಡಿದು ಓಡಾಡಿದ ಭಾಗವ್ವ ಕೊನೆಗೆ ಪರದೆಯ ಎದುರು ಬಂದು ನಿಂತರು.

"ಅಂದ್ರ, ನನ್ನ ದೀಪಾನ ನಮ್ಮನ್ನ ಹೊರಗ ಹಾಕಾಕತ್ತಿತ್ತೇನ್ರಿ?"

ವನಮಾಲಾ ಎದ್ದು ತಾಟಿಗೆ ಕೈ ಕೊಟ್ಟರು. "ಹಾಗಲ್ಲಮ್ಮ. ನಾನೇ ಮೊದಲೇ ಒಂದು ಶುಕ್ರವಾರ ಬಂದು ನೋಡಬೇಕಿತ್ತು. ದೀಪಾನ ನಿಮ್ಮ ಹೊಸ್ತಿಲಲ್ಲಿ ಇಡಿ, ಅಲ್ಲಿ ಚೆನ್ನಾಗಿರುತ್ತೆ."

ಆಮೇಲಿನ ಶುಕ್ರವಾರ ಅಂಕಿ ಕದಲಲಿಲ್ಲ. ಬಿರುಕು ಬಿಟ್ಟ ಗೋಡೆಯ ಮೂಲೆಗೆ ಉಕ್ಕಿನ ಆಸರೆ ಕೊಡಿ, ಮಳೆಗಾಲ ಮುಗಿಯುವವರೆಗೂ ಅಳತೆ ನಡೆಯಲಿ, ಸದ್ಯಕ್ಕೆ ಯಾರೂ ಮನೆ ಬಿಡಬೇಕಾಗಿಲ್ಲ ಎಂದು ರಮಾನಾಥರು ಬರೆದುಕೊಟ್ಟಿದ್ದಾರೆ. ಆ ವರದಿಯಲ್ಲಿ ವನಮಾಲಾ ಅವರ ಹೆಸರಿಲ್ಲ. ಅದನ್ನು ಕೇಳಿದರೆ ಅವರು ಕೇಬಲ್ ಸುತ್ತುತ್ತ ಬೇರೆಯೇ ಮಾತು ತೆಗೆಯುತ್ತಾರೆ.

"ಗೋಡೆ ಸರೀತು ಅನ್ನೋಕೆ ಒಂದು ದಿನ ಸಾಕು. ಸರೀಲಿಲ್ಲ ಅನ್ನೋಕೆ ಪ್ರತಿ ವಾರಾನೂ ಬರಬೇಕು. ಈ ಮಳೆಗಾಲ ಪೂರ್ತಿ ಏನೂ ಇಲ್ಲ, ಏನೂ ಇಲ್ಲ ಅಂತಾನೇ ಬರಲಿ. ಅದನ್ನ ಓದೋಕೆ ಅಷ್ಟು ದೂರದಿಂದ ಬರೋದಕ್ಕೆ ನಂಗೇನೂ ಬೇಜಾರಿಲ್ಲ."