ಲಾರಿಯ ಆರ್‌ಸಿ ಬುಕ್ಕಿನಲ್ಲಿ ಸಿಕ್ಕಿದ ನನ್ನ ವಯಸ್ಸು

"ಸ್ಟೇಜ್ ಟೂ" ಎಂದು ಹುಬ್ಬಳ್ಳಿಯ ಡಾಕ್ಟರ್ ಹೇಳಿದಾಗ ನಾನು ಮೊದಲು ನೋಡಿದ್ದು ಪಕ್ಕದಲ್ಲಿ ಕೂತಿದ್ದ ನಾದಿನಿ ಶಮೀಮಳ ಮುಖವನ್ನು.

ಅವಳು ಅಳಬಾರದು. ಅತ್ತರೆ ನಾನು ಬೈಯಬೇಕಾಗುತ್ತದೆ. ಆಪರೇಷನ್ ಆಗಿ ಎರಡೇ ವಾರ, ಬೈಯುವಷ್ಟು ದನಿ ನನ್ನಲ್ಲಿ ಇರಲಿಲ್ಲ.

ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಕತ್ತಿನ ಪಕ್ಕದ ಸಣ್ಣ ಗಂಟುಗಳಿಗೂ ಕ್ಯಾನ್ಸರ್ ತಾಗಿದೆ ಎಂದು ರಿಪೋರ್ಟ್ ಬಂದಿತ್ತು. ಶ್ವಾಸಕೋಶ, ಮೂಳೆ ಎಲ್ಲ ಸ್ವಚ್ಛ.

ಇದು ನಿಧಾನವಾಗಿ ಬೆಳೆಯುವ ಜಾತಿ, ಚೆನ್ನಾಗಿ ಗುಣವಾಗುತ್ತದೆ ಎಂದು ಡಾಕ್ಟರ್ ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಆ ಅಂಕಿ ಮಾತ್ರ. ನಾನೂ ಎಸ್ಸೆಸ್ಸೆಲ್ಸಿ ಓದಿದವಳು. ನಾಲ್ಕರಲ್ಲಿ ಎರಡು ಎಂದರೆ ಅರ್ಧ ದಾರಿ ಮುಗಿದ ಹಾಗೆ...

ಅಲ್ಲೇ ಕೂತು, ಮನಸ್ಸಿನಲ್ಲೇ, ನನ್ನ ಬಳೆಗಳನ್ನು ಮೂವರು ಸೊಸೆಯಂದಿರಿಗೆ ಹಂಚಿಬಿಟ್ಟೆ.

ಶಮೀಮ್ ಅಳಲಿಲ್ಲ. ಎರಡು ಯಾಕೆ, ಒಂದು ಯಾಕಲ್ಲ ಎಂದು ಡಾಕ್ಟರನ್ನೇ ಕೇಳಿದಳು.

ಈ ಕ್ಯಾನ್ಸರಿನಲ್ಲಿ ಸ್ಟೇಜ್ ಬರೆಯುವಾಗ ವಯಸ್ಸನ್ನೂ ನೋಡುತ್ತಾರಂತೆ. ರೋಗ ಪತ್ತೆಯಾದಾಗ ಐವತ್ತೈದು ತುಂಬಿರದಿದ್ದರೆ, ಕತ್ತಿನ ಗಂಟುಗಳಿಗೆ ಬಂದಿದ್ದರೂ ಒಂದನೇ ಸ್ಟೇಜ್. ತುಂಬಿದ್ದರೆ, ಅದೇ ಗಂಟು, ಅದೇ ರೋಗ, ಎರಡನೇ ಸ್ಟೇಜ್.

ಆಧಾರ್ ಪ್ರಕಾರ ನನಗೆ ಐವತ್ತಾರು.

ಶಮೀಮ್ ನನ್ನ ಕಡೆ ತಿರುಗಿದಳು. "ಭಾಬಿ, ಈಗಾದ್ರೂ ಖರೇ ವಯಸ್ಸು ಹೇಳು ಮಾರಾಯ್ತಿ."

ಆಧಾರಿನಲ್ಲಿ ಇದ್ದದ್ದೇ ಖರೆ ಎಂದೆ.

ವಿಷಯ ಏನೆಂದರೆ, ನನ್ನ ಹುಟ್ಟೂರು ಯಲ್ಲಾಪುರ. ಅಕ್ಕನನ್ನು ಶಾಲೆಗೆ ಸೇರಿಸಲು ಅಬ್ಬಾ ಹೊರಟ ದಿನ, ನಾನೂ ಬರುತ್ತೇನೆ ಎಂದು ಹಟ ಹಿಡಿದೆನಂತೆ. ಆಗ ನನಗೆ ನಾಲ್ಕು ತುಂಬಿತ್ತು, ಅಷ್ಟೆ. ಹೆಡ್ ಮಾಸ್ತರರು ನಕ್ಕು, ಸುಮಾರು ಎರಡು ವರ್ಷ ಸೇರಿಸಿ, ಜೂನ್ ಒಂದು ಎಂದು ಬರೆದುಕೊಂಡರು. ಅಕ್ಕನದು ಅದರ ಹಿಂದಿನ ವರ್ಷದ ಜೂನ್ ಒಂದು.

ಮದುವೆಯಾಗಿ ಶಿರಸಿಗೆ ಬಂದ ಮೇಲೆ ಆ ಎರಡು ವರ್ಷ ನನಗೆ ಬಹಳ ಉಪಯೋಗಕ್ಕೆ ಬಂತು. ನಿಜದಲ್ಲಿ ಶಮೀಮ್ ನನಗಿಂತ ಹತ್ತು ತಿಂಗಳು ದೊಡ್ಡವಳು. ಕಾಗದದಲ್ಲಿ ಒಂದು ವರ್ಷ ಚಿಕ್ಕವಳು.

ಅವಳ ಗಂಡ ತೀರಿಕೊಂಡು ಅವಳು ನಮ್ಮ ಮನೆಗೇ ಬಂದ ಮೇಲೆ, ಬಿರಿಯಾನಿ ಮಸಾಲೆಯಿಂದ ಹಿಡಿದು ಸೊಸೆ ಹುಡುಕುವವರೆಗೆ ಎಲ್ಲ ಜಗಳವನ್ನೂ ನಾನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಾನು ದೊಡ್ಡವಳು. ಮನೆಯಲ್ಲಿ ನಮ್ಮದು ಉರ್ದು. ಈ ಮಾತನ್ನು ಮಾತ್ರ ಕನ್ನಡದಲ್ಲೂ ಹೇಳುತ್ತಿದ್ದೆ, ಅಕ್ಕಪಕ್ಕದವರಿಗೂ ತಿಳಿಯಲಿ ಎಂದು.

ಅವಳಿಗೆ ಅನುಮಾನ ಇತ್ತು. ಪುರಾವೆ ಇರಲಿಲ್ಲ.

ಈಗ ಬರೆಯುವಾಗ ನನಗೇ ಆಶ್ಚರ್ಯ. ಆವತ್ತು ಸಾಯಲು ತಯಾರಿದ್ದೆ, ಚಿಕ್ಕವಳಾಗಲು ತಯಾರಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಶಮೀಮ್ ಅಡುಗೆಮನೆಯಲ್ಲಿ ಇಲ್ಲ. ಯಲ್ಲಾಪುರದ ಬಸ್ ಹತ್ತಿದಳು ಎಂದು ದೊಡ್ಡ ಸೊಸೆ ಹೇಳಿದಳು. ಎಲ್ಲಿಗೆ ಹೋದಳು ಎಂದು ನನಗೆ ತಕ್ಷಣ ಗೊತ್ತಾಯಿತು... ನನ್ನ ಅಮ್ಮಿಯ ಹತ್ತಿರ.

ಅಮ್ಮಿಗೆ ಎಂಬತ್ತರ ಹತ್ತಿರ. ನಿನ್ನೆಯದು ಮರೆಯುತ್ತಾಳೆ, ಹಳೆಯದು ಮರೆಯುವುದಿಲ್ಲ. ಅಬ್ಬಾನ ಮೊದಲ ಲಾರಿ ಅವರ ಹೆಸರಿಗೆ ಆದದ್ದು ಶುಕ್ರವಾರ, ಮೂರು ದಿನ ಬಿಟ್ಟು ಸೋಮವಾರ ನಾನು ಹುಟ್ಟಿದ್ದು ಎಂದು ಅವಳು ಕೇಳಿದವರಿಗೆಲ್ಲ ಹೇಳುತ್ತಾಳೆ. ಆ ಲಾರಿ ಇಪ್ಪತ್ತು ವರ್ಷ ಅರಬೈಲ್ ಘಟ್ಟ ಹತ್ತಿ ಇಳಿದು ಕೊನೆಗೆ ಗುಜರಿಗೆ ಹೋಯಿತು. ಅದರ ಆರ್‌ಸಿ ಬುಕ್ಕನ್ನು ಮಾತ್ರ ಅಬ್ಬಾ ಯಾರಿಗೂ ಕೊಡಲಿಲ್ಲ. ಅಮ್ಮಿಯ ಟ್ರಂಕಿನಲ್ಲಿತ್ತು.

ಸಂಜೆ ಶಮೀಮ್ ಬಂದವಳೇ ಅದನ್ನು ನನ್ನ ಮಡಿಲಲ್ಲಿ ಇಟ್ಟಳು.

"ತಗೋ. ನೀನೂ ಲಾರಿಯೂ ಒಂದೇ ವಾರ ಬಂದದ್ದು. ನಿನ್ನ ಹಾರ್ನ್ ಯಾಕೆ ಇಷ್ಟು ದೊಡ್ಡದು ಅಂತ ಈಗ ಗೊತ್ತಾಯ್ತು."

ಲಾರಿ ನೋಂದಣಿಯಾದ ತಾರೀಖಿಗೆ ಮೂರು ದಿನ ಸೇರಿಸಿದೆ. ಐವತ್ತನಾಲ್ಕು ವರ್ಷ, ನಾಲ್ಕು ತಿಂಗಳು. ಎರಡು ಸಲ ಎಣಿಸಿದೆ. ನಗಬೇಕೆಂದರೆ ಹೊಲಿಗೆ ಎಳೆಯಿತು, ಆದರೂ ನಕ್ಕೆ.

ಮುಂದಿನ ವಾರ ಡಾಕ್ಟರ ಮೇಜಿನ ಮೇಲೆ ಬುಕ್ ಇಟ್ಟು, ನಾನೇ ಬಾಯಿ ಬಿಟ್ಟು ಎಲ್ಲ ಹೇಳಿದೆ. ಶಮೀಮಳ ಎದುರಿಗೇ. ಇಷ್ಟು ವರ್ಷದಲ್ಲಿ ಲಾರಿ ಆರ್‌ಸಿ ನೋಡಿ ಸ್ಟೇಜ್ ತಿದ್ದಿದ್ದು ಇದೇ ಮೊದಲು ಎಂದು ಅವರು ಹಾಳೆ ತಿರುವಿ ತಿರುವಿ ನೋಡಿದರು.

ಆಮೇಲೆ ಕನ್ನಡಕ ತೆಗೆದು ಹೇಳಿದ ಮಾತು ನೆನಪಿಟ್ಟಿದ್ದೇನೆ. "ಗಂಟು ಕಾಗದ ಓದೂದಿಲ್ರಿ ಅಮ್ಮಾರ. ನಿಮ್ಮ ರೋಗ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಐತಿ. ಐವತ್ತೈದು ಅಂದ್ರ ಗೋಡೆ ಅಲ್ಲ. ಎರಡನೇ ಸ್ಟೇಜ್ ಇದ್ದವರೂ ಬಾಳ ಮಂದಿ ಆರಾಮ ಆಗ್ತಾರ."

ಟ್ರೀಟ್‌ಮೆಂಟ್ ಬದಲಾಗುವುದಿಲ್ಲ ಎಂದರು. ಆದರೂ ಫೈಲಿನಲ್ಲಿ ಎರಡನ್ನು ಹೊಡೆದು, ಒಂದು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಆಸ್ಪತ್ರೆಯ ಮೆಟ್ಟಿಲನ್ನು ನಾನು ಯಾರ ಕೈಯನ್ನೂ ಹಿಡಿಯದೆ ಇಳಿದೆ.

ರೇಡಿಯೋ ಅಯೋಡಿನ್ ಎಂಬ ವಿಕಿರಣದ ಔಷಧಿ ಕೊಟ್ಟು ಕೆಲವು ದಿನ ಒಬ್ಬಳನ್ನೇ ಕೋಣೆಯಲ್ಲಿ ಇಟ್ಟರು. ಅದೂ ಆಯಿತು. ಈಗ ವರ್ಷವಾಯಿತು. ಸ್ಕ್ಯಾನ್ ಸ್ವಚ್ಛ, ರಕ್ತ ಸ್ವಚ್ಛ. ನನ್ನ ದನಿ ವಾಪಸ್ ಬಂದಿದೆ, ಬೀದಿಯ ಕೊನೆಯ ಮನೆಯವರಿಗೂ ಅದು ಗೊತ್ತು.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ. ನೀರಿನ ಲೋಟ ಹಿಡಿದು ಶಮೀಮ್ ನಿಂತಿರುತ್ತಾಳೆ, ನುಂಗುವವರೆಗೆ ಕದಲುವುದಿಲ್ಲ. ಜಗಳ ನಿಂತಿಲ್ಲ. ಮುಗಿಸುವ ಮಾತು ಮಾತ್ರ ಈಗ ಅವಳದು.

ನಮ್ಮಲ್ಲಿ ಈದ್ ದಿನ ಚಿಕ್ಕವರು ದೊಡ್ಡವರಿಗೆ ಮೊದಲು ಸಲಾಂ ಹೇಳುತ್ತಾರೆ, ದೊಡ್ಡವರು ಈದಿ ಎಂದು ಕಾಸು ಕೊಡುತ್ತಾರೆ. ಈ ಸಲ ನಮಾಜಿನಿಂದ ಗಂಡಸರು ಬರುವ ಮೊದಲೇ, ಸೊಸೆಯಂದಿರೆಲ್ಲ ನೋಡುತ್ತಿರುವಾಗ, ನಾನೇ ಎದ್ದು ಹೋಗಿ ಅವಳಿಗೆ ಸಲಾಂ ಹೇಳಿದೆ.

ಶಮೀಮ್ ಸೊಂಟದ ಚೀಲ ಬಿಚ್ಚಿ ನನ್ನ ಕೈಯಲ್ಲಿ ಹತ್ತು ರೂಪಾಯಿ ಇಟ್ಟಳು. ಡಾಕ್ಟರ ಎದುರು ಅಳದವಳು ಆಗ ಅತ್ತಳು. ನಾನು ಬೈದೆ.

ಆ ನೋಟು ಆರ್‌ಸಿ ಬುಕ್ಕಿನೊಳಗೆ ಇದೆ.

ಜೂನ್ ಒಂದಕ್ಕೆ ಹುಟ್ಟಿದವರು ನನ್ನ ಗೆಳತಿಯರಲ್ಲಿ ಬಹಳ ಮಂದಿ ಇದ್ದೀರಿ... ಖರೇ ವಯಸ್ಸನ್ನು ನಿಮ್ಮ ಅಮ್ಮನ ಹತ್ತಿರ ಒಮ್ಮೆಯಾದರೂ ಕೇಳಿ ಇಟ್ಟುಕೊಂಡಿದ್ದೀರಾ?